ಪಿಕಪ್ ಎಡಕ್ಕೆ ಎಳೆಯುತ್ತಿದೆಯೇ? ಮಷೀನ್ ಮೇಲೆ ಹತ್ತಿಸುವ ಮೊದಲು ನೋಡಬೇಕಾದದ್ದು

ಚವತಿ ಮುಗಿದ ವಾರ ನನ್ನ ಗ್ಯಾರೇಜಿನ ಮುಂದೆ ಒಂದೇ ಜಾತಿಯ ಗಾಡಿಗಳು ಬಂದು ನಿಲ್ಲುತ್ತವೆ. ಬೆಳಗಾವಿಯಿಂದ ಜಾಂಬೋಟಿ, ಕಣಕುಂಬಿ ದಾಟಿ, ಚೋರ್ಲಾ ಘಾಟ್ ಇಳಿದು ಗೋವಾದ ಮಾಪ್ಸಾ ಪೇಟೆಗೆ ತರಕಾರಿ ಹೊತ್ತು ತರುವ ಪಿಕಪ್‌ಗಳು. ಹಬ್ಬದ ಗಿರಾಕಿಗೆಂದು ಬಿಡುವಿಲ್ಲದೆ ಟ್ರಿಪ್ ಹೊಡೆದದ್ದು, ನೀರು ತುಂಬಿದ ತಗ್ಗನ್ನು ರಸ್ತೆಯೆಂದೇ ತಿಳಿದು ಹಾರಿಸಿದ್ದು, ಎಲ್ಲದರ ಬಿಲ್ಲು ಆ ವಾರ ಮುಂದಿನ ಟಾಯರಿಗೆ ಬರುತ್ತದೆ.

ಕಳೆದ ವರ್ಷ ಖಾನಾಪುರ ಕಡೆಯ ಒಬ್ಬರು ಗಾಡಿಯಿಂದ ಇಳಿಯುತ್ತಲೇ ಮೂರು ಕಾಗದ ನನ್ನ ಕೈಗಿಟ್ಟರು. ಮೂರು ಬೇರೆ ಬೇರೆ ಕಡೆ ಮಾಡಿಸಿದ ಅಲೈನ್‌ಮೆಂಟಿನ (ಚಕ್ರಗಳ ಕೋನ ಅಳೆದು ಸರಿ ಮಾಡುವ ಕೆಲಸ) ಪ್ರಿಂಟ್. ಮೂರರಲ್ಲೂ ಮುಂದಿನ ಎರಡು ಚಕ್ರದ ಅಂಕಿಗಳು ಹಸಿರು, ಅಂದರೆ ಸರಿ. “ಅಣ್ಣಾರ, ಮೂರ ಸಲ ರೊಕ್ಕಾ ಕೊಟ್ಟೇನಿ, ಇನ್ನೂ ಎಡಕ್ಕ ಎಳಿಯಾಕತ್ತೈತಿ. ಮಷೀನ್ ಸುಳ್ಳೋ, ಗಾಡಿ ಸುಳ್ಳೋ, ನೀವ ಹೇಳ್ರಿ,” ಅಂದರು. ಮಷೀನಿನ ಅಂಕಿ ಸರಿಯಾಗಿಯೇ ಇತ್ತು. ಆ ಗಾಡಿಯ ರೋಗ ಮುಂದಿನ ಚಕ್ರದಲ್ಲಿ ಇರಲೇ ಇಲ್ಲ. ಹೇಗೆ ಅಂತ ಆಮೇಲೆ ಹೇಳುತ್ತೇನೆ.

ನನ್ನಲ್ಲಿ ಅಲೈನ್‌ಮೆಂಟ್ ಮಷೀನ್ ಇಲ್ಲ. ನೂಲು, ಟೇಪು, ಸೀಮೆಸುಣ್ಣ, ಜಾಕ್, ಹಾರೆ ಇಷ್ಟೇ. ಬುಷ್ (ಆರ್ಮಿನ ಬುಡದ ರಬ್ಬರ್), ಜಾಯಿಂಟ್ ಕೆಲಸ ಮುಗಿಸಿ ಗಾಡಿಯನ್ನು ಮಷೀನ್ ಇರುವ ಕಡೆ ಕಳಿಸುತ್ತೇನೆ. ಹಾಗಾಗಿ ಇಲ್ಲಿ ಬರೆದಿರುವುದು ಹೆಚ್ಚಾಗಿ ಮಷೀನಿಗೆ ಹೋಗುವ ಮೊದಲಿನ ಕೆಲಸ. ಇದನ್ನು ಬಿಟ್ಟು ಮಾಡಿಸಿದ ಅಲೈನ್‌ಮೆಂಟ್ ಚೋರ್ಲಾದ ಮೊದಲ ತಿರುವಿನ ತನಕವೂ ನಿಲ್ಲುವುದಿಲ್ಲ. ಮಾತು ಮುಂದೆ ಚಕ್ರವನ್ನು ಮೇಲೊಂದು ಕೆಳಗೊಂದು ಆರ್ಮು ಹಿಡಿದಿರುವ ವಿಶ್‌ಬೋನ್ ಸಸ್ಪೆನ್ಷನ್, ಹಿಂದೆ ಪಾಟಾ (ಉಕ್ಕಿನ ಪಟ್ಟಿಗಳ ಸ್ಪ್ರಿಂಗ್) ಇರುವ ಪಿಕಪ್‌ಗಳದ್ದು. ಮುಂದೆಯೂ ಪಾಟಾ ಇರುವ ಗಾಡಿಗಳಿಗೆ ಕೊನೆಯ ಹತ್ತಿರ ನಾಲ್ಕು ಸಾಲು ಇದೆ.

ದೂರು ಏನು ಅಂತ ಮೊದಲು ಬಿಡಿಸಿ

“ಎಳೀತೈತಿ” ಅನ್ನುವ ಒಂದೇ ಮಾತಿನಲ್ಲಿ ಡ್ರೈವರುಗಳು ನಾಲ್ಕು ಬೇರೆ ದೋಷ ಹೇಳುತ್ತಾರೆ. ನಾನೇ ಪಕ್ಕದಲ್ಲಿ ಕೂತು ಓಡಿಸಿ ನೋಡುವ ತನಕ ಯಾವುದು ಅಂತ ನಂಬುವುದಿಲ್ಲ.

ಸ್ಟೇರಿಂಗ್ ಮೇಲೆ ಎರಡು ಬೆರಳು ಮಾತ್ರ ತಾಗಿಸಿ 50ರ ವೇಗದಲ್ಲಿ ಹೋಗಿ. ಕೈ ಪೂರ್ತಿ ಬಿಡಬೇಡಿ. ಸ್ಟೇರಿಂಗ್ ತಾನಾಗಿಯೇ ತಿರುಗಿ ಗಾಡಿ ಒಂದು ಬದಿಗೆ ಹೊರಟರೆ ಅದು ನಿಜವಾದ ಎಳೆತ. ಬೆರಳು ಸಡಿಲವಾಗಿದ್ದಾಗ ಗಾಡಿ ನೇರ ಹೋಗುತ್ತದೆ, ಆದರೆ ಸ್ಟೇರಿಂಗಿನ ಕಡ್ಡಿ ಓರೆ ನಿಂತಿರುತ್ತದೆ, ಕಡ್ಡಿಯನ್ನು ನೇರ ಮಾಡಿದರೆ ಗಾಡಿ ಬದಿಗೆ ಹೋಗುತ್ತದೆ ಅಂದರೆ ಅದು ಎಳೆತ ಅಲ್ಲ, ಓರೆ ಸ್ಟೇರಿಂಗ್. ಇವೆರಡನ್ನೂ ಒಂದೇ ಅಂತ ತಿಳಿದುಕೊಂಡೇ ಅರ್ಧಕ್ಕರ್ಧ ದುಡ್ಡು ಪೋಲಾಗುತ್ತದೆ. ಗಾಡಿ ಅತ್ತ ಇತ್ತ ತೇಲುತ್ತಿದ್ದರೆ ಅದು ಮೂರನೆಯದು. ಯಾವುದೋ ಒಂದು ವೇಗಕ್ಕೆ, ಸಾಮಾನ್ಯವಾಗಿ 80ರ ಆಸುಪಾಸು, ಸ್ಟೇರಿಂಗ್ ನಡುಗಿ ಅದನ್ನು ದಾಟಿದ ಮೇಲೆ ನಿಂತರೆ ಅದು ಬ್ಯಾಲೆನ್ಸಿಂಗ್ ಕೆಲಸ. ಅಲೈನ್‌ಮೆಂಟಿಗೂ ಅದಕ್ಕೂ ಸಂಬಂಧವಿಲ್ಲ.

ಎಲ್ಲಿ ಓಡಿಸಿ ನೋಡುತ್ತೀರಿ ಅನ್ನುವುದೂ ಮುಖ್ಯ. ಮಳೆನೀರು ಹರಿದು ಹೋಗಲೆಂದು ರಸ್ತೆಗೆ ಅಂಚಿನ ಕಡೆ 2ರಿಂದ 2.5 ಪ್ರತಿಶತ ಇಳಿಜಾರು ಕೊಟ್ಟಿರುತ್ತಾರೆ. 3.5 ಮೀಟರ್ ಅಗಲದ ಲೇನಿನಲ್ಲಿ ಅದು 7ರಿಂದ 9 ಸೆಂಟಿಮೀಟರ್. ನಾವು ಎಡಬದಿ ಓಡಿಸುವವರು, ಆದ್ದರಿಂದ ಅಚ್ಚುಕಟ್ಟಾಗಿರುವ ಗಾಡಿಯೂ ಮೆಲ್ಲಗೆ ಎಡಕ್ಕೆ ಜಾರುತ್ತದೆ. ನಾಲ್ಕು ಪಥದ ಹೆದ್ದಾರಿಯಲ್ಲಿ ಬಲ ಲೇನಿಗೆ ಹೋದರೂ ಇಳಿಜಾರು ಸಾಮಾನ್ಯವಾಗಿ ಎಡಕ್ಕೇ ಇರುತ್ತದೆ. ನಾನು ಭಾನುವಾರ ಬೆಳಗ್ಗೆ ಕರಾಸವಾಡಾದ ಕೈಗಾರಿಕಾ ವಸಾಹತಿನ ಒಳರಸ್ತೆಗೆ ಒಯ್ಯುತ್ತೇನೆ. ಖಾಲಿ ಇರುತ್ತದೆ, ನಟ್ಟನಡುವೆ ಓಡಿಸಬಹುದು, ಹೋಗಿ ಅದೇ ದಾರಿಯಲ್ಲಿ ತಿರುಗಿ ಬರಬಹುದು. ಎರಡೂ ದಿಕ್ಕಿನಲ್ಲಿ ಎಡಕ್ಕೇ ಎಳೆದರೆ ಗಾಡಿಯದ್ದು. ಹೋಗುವಾಗ ಎಡಕ್ಕೆ, ಬರುವಾಗ ಬಲಕ್ಕೆ ಅಂದರೆ ರಸ್ತೆಯದ್ದು.

ಖಾನಾಪುರದವರ ಗಾಡಿಯನ್ನು ಹೀಗೆ ಓಡಿಸಿದಾಗ ಕಂಡದ್ದು ಓರೆ ಸ್ಟೇರಿಂಗ್. ಬೆರಳು ಸಡಿಲಿಸಿದರೆ ಗಾಡಿ ನೇರ. ಕಡ್ಡಿ ಮಾತ್ರ ಬಲಕ್ಕೆ ಓರೆ. ಅವರು ಅದನ್ನು ಸದಾ ನೇರಕ್ಕೆ ತರುತ್ತಿದ್ದರು, ಗಾಡಿ ಎಡಕ್ಕೆ ಹೋಗುತ್ತಿತ್ತು.

ಟಾಯರ್ ಮುಟ್ಟಿ ನೋಡಿ

ತಂತಿ ಹೊರಬಿದ್ದಿಲ್ಲ ಅಂತ ಖಾತ್ರಿ ಮಾಡಿಕೊಂಡು ಅಂಗೈಯನ್ನು ಟಾಯರಿನ ಮೇಲೆ ಅಡ್ಡಡ್ಡ ಸವರಿ. ಹೊರಗಿನಿಂದ ಒಳಕ್ಕೆ ಒಮ್ಮೆ, ಒಳಗಿನಿಂದ ಹೊರಕ್ಕೆ ಒಮ್ಮೆ. ಒಳಕ್ಕೆ ಸವರುವಾಗ ನುಣುಪಾಗಿದ್ದು ಹೊರಕ್ಕೆ ಎಳೆಯುವಾಗ ಗರಗಸದ ಹಲ್ಲಿನ ಹಾಗೆ ಕೈಗೆ ಸಿಕ್ಕರೆ ಟೋ-ಇನ್ ಹೆಚ್ಚಾಗಿದೆ, ಅಂದರೆ ಚಕ್ರಗಳ ಮೂಗು ಒಳಕ್ಕೆ ತಿರುಗಿದೆ. ಉಲ್ಟಾ ಆದರೆ ಟೋ-ಔಟ್. ಕಣ್ಣಿಗೆ ಕಾಣುವುದಕ್ಕಿಂತ ಸಾವಿರಾರು ಕಿಲೋಮೀಟರ್ ಮೊದಲೇ ಇದು ಕೈಗೆ ಗೊತ್ತಾಗುತ್ತದೆ.

ಟೋ ಇಷ್ಟೇ ಇಷ್ಟು ಹೆಚ್ಚಾದರೆ ಏನು ಮಹಾ ಅನ್ನುವವರಿಗೆ ಒಂದು ಲೆಕ್ಕ ಹೇಳುತ್ತೇನೆ. 215/75 ಆರ್ 15 ಟಾಯರಿನ ವ್ಯಾಸ ಸುಮಾರು 700 ಮಿಲಿಮೀಟರ್. ಇರಬೇಕಾದದ್ದಕ್ಕಿಂತ ಟೋ ಒಟ್ಟು 3 ಮಿಲಿಮೀಟರ್ ಹೆಚ್ಚಾದರೆ ಒಂದೊಂದು ಚಕ್ರದ ಪಾಲಿಗೆ ಡಿಗ್ರಿಯ ಎಂಟನೇ ಒಂದು ಭಾಗ ಬರುತ್ತದೆ. ಅಷ್ಟಕ್ಕೇ ಟಾಯರ್ ಪ್ರತಿ ಕಿಲೋಮೀಟರಿಗೆ ಸುಮಾರು 2 ಮೀಟರ್ ಅಡ್ಡಕ್ಕೆ ಉಜ್ಜಿಕೊಂಡು ಹೋಗುತ್ತದೆ. ಬೆಳಗಾವಿಗೆ ಹೋಗಿ ಬಂದರೆ ಡಾಂಬರಿನ ಮೇಲೆ ಸುಮಾರು ಅರ್ಧ ಕಿಲೋಮೀಟರ್ ಟಾಯರನ್ನು ಅಡ್ಡ ಎಳೆದ ಹಾಗೆ.

ಗರಗಸದ ಹಲ್ಲಿಲ್ಲದೆ ಒಳ ಅಂಚು ಮಾತ್ರ ನುಣ್ಣಗೆ ಸವೆದಿದ್ದರೆ ಕ್ಯಾಂಬರ್ ನೆಗೆಟಿವ್, ಚಕ್ರದ ತಲೆ ಒಳಕ್ಕೆ ವಾಲಿದೆ. ಹೊರ ಅಂಚಾದರೆ ಪಾಸಿಟಿವ್. ಎರಡೂ ಅಂಚು ಸವೆದು ನಡು ಉಳಿದಿದ್ದರೆ ಗಾಳಿ ಕಡಿಮೆ. ಅಲ್ಲಲ್ಲಿ ಬಟ್ಟಲಿನ ಹಾಗೆ ತಗ್ಗು ಬಿದ್ದಿದ್ದರೆ ಶಾಕ್ ಅಬ್ಸಾರ್ಬರ್ ಅಥವಾ ಬೇರಿಂಗ್ ನೋಡಿ. ಕ್ಯಾಸ್ಟರ್, ಅಂದರೆ ಸ್ಟೇರಿಂಗಿಗೆ ಚಕ್ರ ತಿರುಗುವ ಅಚ್ಚು ಬದಿಯಿಂದ ನೋಡಿದಾಗ ಹಿಂದಕ್ಕೆ ವಾಲಿರುವ ಕೋನ, ಸಾಮಾನ್ಯವಾಗಿ ಟಾಯರ್ ತಿನ್ನುವುದಿಲ್ಲ. ಅದು ಕೆಟ್ಟರೆ ಎಳೆತ, ತೇಲಾಟ, ಭಾರವಾದ ಸ್ಟೇರಿಂಗ್ ಇಷ್ಟೇ.

ಇದರಲ್ಲಿ ಒಂದು ಸುಳುಹಿದೆ. ಡ್ರೈವರ್ ಎಳೆತ ಅನ್ನುತ್ತಾನೆ, ಟಾಯರ್ ಮಾತ್ರ ಒಂದೇ ಸಮ ಸವೆದಿದೆ ಅಂದರೆ ಟೋ, ಕ್ಯಾಂಬರ್ ಹತ್ತಿರ ಸುಳಿಯಲೇ ಬೇಡಿ. ಖಾನಾಪುರದವರ ಗಾಡಿಯ ಟಾಯರುಗಳು ಒಂದಿಷ್ಟೂ ಓರೆಕೋರೆ ಇಲ್ಲದೆ ಸವೆದಿದ್ದವು. ಮೂರು ಸಲ ಟೋ ತಿರುಗಿಸಿದವರು ಒಮ್ಮೆ ಕೈ ಸವರಿದ್ದರೆ ಸಾಕಿತ್ತು.

ಟಾಯರ್, ಬ್ರೇಕ್, ಗಾಳಿ

ತಣ್ಣಗಿರುವಾಗ ಗಾಳಿ ನೋಡಿ. ಎಡ-ಬಲದಲ್ಲಿ ನಾಲ್ಕೈದು ಪೌಂಡ್ ವ್ಯತ್ಯಾಸವಿದ್ದರೆ ಗಾಡಿ ಕಡಿಮೆ ಇರುವ ಕಡೆ ಹೋಗುತ್ತದೆ. ನಿಜವಾದ ಎಳೆತ ಇದ್ದರೆ ಮುಂದಿನ ಎರಡು ಟಾಯರುಗಳನ್ನು ಅದಲು ಬದಲು ಮಾಡಿ ಓಡಿಸಿ. ಎಳೆತ ಬಲಕ್ಕೆ ತಿರುಗಿದರೆ ದೋಷ ಟಾಯರಿನ ಒಳಗಿದೆ. ರೇಡಿಯಲ್ ಟಾಯರಿನ ಪಟ್ಟಿ ತುಸು ಓರೆ ಕೂತಿದ್ದರೂ ಅದು ಶಂಕುವಿನ ಹಾಗೆ ಒಂದು ಕಡೆ ಉರುಳಲು ನೋಡುತ್ತದೆ. ಯಾವ ಮಷೀನೂ ಇದನ್ನು ತೋರಿಸುವುದಿಲ್ಲ.

ಬ್ರೇಕ್ ಒತ್ತಿದಾಗ ಮಾತ್ರ ಎಳೆದರೆ ಕ್ಯಾಲಿಪರ್, ಹೋಸ್ ಪೈಪು, ಇಲ್ಲವೇ ಕೆಳ ಆರ್ಮಿನ ಹರಿದ ಬುಷ್. ಸದಾ ಎಳೆದು, ಓಡಿದಷ್ಟೂ ಹೆಚ್ಚಾದರೆ ಒಂದು ಬದಿಯ ಬ್ರೇಕ್ ಹಿಡಿದುಕೊಂಡಿದೆ. ಚೋರ್ಲಾ ಇಳಿದು ಕೇರಿ ಊರಿನಲ್ಲಿ ಚಹಾಕ್ಕೆ ನಿಲ್ಲಿಸುತ್ತಾರಲ್ಲ, ಆಗ ಎರಡೂ ಮುಂಚಕ್ರದ ರಿಮ್ಮಿನ ಹತ್ತಿರ ಕೈ ಒಯ್ದು ನೋಡಿ. ಮುಟ್ಟಬೇಡಿ, ಘಾಟ್ ಇಳಿದ ಡಿಸ್ಕ್ ಚರ್ಮ ಸುಲಿಯುತ್ತದೆ. ಎರಡೂ ಬಿಸಿ ಇರುವುದು ಸಹಜ, ಒಂದು ಮಾತ್ರ ಕೆಂಡದ ಹಾಗಿದ್ದರೆ ಅಲ್ಲಿದೆ ಕಳ್ಳ.

ಇನ್ನೊಂದು ಅಪರೂಪದ್ದು: ಎಡಕ್ಕೆ ತಿರುಗಿದ ಮೇಲೆ ಎಡಕ್ಕೇ ಎಳೆಯುವುದು, ಬಲಕ್ಕೆ ತಿರುಗಿದ ಮೇಲೆ ಬಲಕ್ಕೆ. ಎಲ್ಲೋ ಒಂದು ಜಾಯಿಂಟ್ ಬಿಗಿದು ಕೂತಿದೆ. ಪವರ್ ಸ್ಟೇರಿಂಗ್ ಗಾಡಿಯಾದರೆ ಮುಂಚಕ್ರ ಎತ್ತಿ, ಸ್ಟ್ಯಾಂಡ್ ಕೊಟ್ಟು, ಎಂಜಿನ್ ಚಾಲೂ ಮಾಡಿ. ಸ್ಟೇರಿಂಗ್ ತಾನೇ ತಿರುಗಿದರೆ ವಾಲ್ವ್ ಕೆಟ್ಟಿದೆ.

ಗಾಡಿ ನಿಂತ ಎತ್ತರ

ಇದನ್ನು ಅಳೆಯದೆ ಅಲೈನ್‌ಮೆಂಟ್ ಮಾಡುವುದು ನೆಲ ನೋಡದೆ ಕಂಬ ನೆಟ್ಟ ಹಾಗೆ. ಸಮನಾದ ನೆಲದಲ್ಲಿ, ಗಾಳಿ ಸರಿಯಿಟ್ಟು, ಹಿಂದೆ ಏನೂ ಹೇರದೆ, ಚಕ್ರದ ನಡುಬಿಂದುವಿನಿಂದ ಮಡ್‌ಗಾರ್ಡಿನ ಅಂಚಿನ ತನಕ ಎಡ-ಬಲ ಎರಡೂ ಅಳೆಯಿರಿ. ಬಾಡಿ ಬಡಿಸಿಕೊಂಡ ಗಾಡಿಯಾದರೆ ಮಡ್‌ಗಾರ್ಡ್ ನಂಬಬೇಡಿ, ಚಾಸಿಯಿಂದ ನೆಲಕ್ಕೆ ಅಳೆಯಿರಿ. 10 ಮಿಲಿಮೀಟರಿಗಿಂತ ಹೆಚ್ಚು ವ್ಯತ್ಯಾಸ ಕಂಡರೆ ಅದನ್ನು ಸರಿ ಮಾಡಿದ ಮೇಲೇ ಮುಂದಿನ ಮಾತು.

ಕಾರಣ ಸರಳ. ಗಾಡಿ ಕುಸಿದಾಗ ಮೇಲಿನ ಆರ್ಮು ಚಕ್ರದ ತಲೆಯನ್ನು ಒಳಕ್ಕೆ ಎಳೆಯುತ್ತದೆ, ಕ್ಯಾಂಬರ್ ನೆಗೆಟಿವ್ ಆಗುತ್ತದೆ. ಜೊತೆಗೆ ಟೋ ಕೂಡ ಬದಲಾಗುತ್ತದೆ. ಎತ್ತ ಅನ್ನುವುದು ಟೈ ರಾಡ್ (ಸ್ಟೇರಿಂಗಿನಿಂದ ಚಕ್ರವನ್ನು ತಿರುಗಿಸುವ ಕಂಬಿ) ಆಕ್ಸಲಿನ ಮುಂದಿದೆಯೋ ಹಿಂದಿದೆಯೋ ನೋಡಿ ಹೇಳಬೇಕು. ಟಾರ್ಷನ್ ಬಾರ್ (ತಿರುಚಿಕೊಂಡು ಸ್ಪ್ರಿಂಗಿನ ಕೆಲಸ ಮಾಡುವ ಕಂಬಿ) ಇರುವ ಗಾಡಿಯಲ್ಲಿ ಕೆಳಗಿನ ಬೋಲ್ಟ್ ತಿರುಗಿಸಿ ಎತ್ತರ ಸರಿ ಮಾಡಬಹುದು. ಚಕ್ರ ಗಾಳಿಯಲ್ಲಿದ್ದಾಗಲೇ ತಿರುಗಿಸಿ, ಎಷ್ಟು ಸುತ್ತು ಅಂತ ಬರೆದಿಟ್ಟುಕೊಳ್ಳಿ, ಎರಡು ಮೂರು ಕಿಲೋಮೀಟರ್ ಓಡಿಸಿ ಕೂರಿಸಿದ ಮೇಲೆ ಮತ್ತೆ ಅಳೆಯಿರಿ. ಗಾಡಿಗೆ ಗತ್ತು ಬರಲಿ ಅಂತ ಅದೇ ಬೋಲ್ಟ್ ತಿರುಗಿಸಿ ಮುಂದೆ ಎರಡಿಂಚು ಎತ್ತಿಸುವ ಹುಡುಗರಿದ್ದಾರೆ. ಅವರ ಟಾಯರಿಗೆ ನನ್ನಲ್ಲಿ ಮದ್ದಿಲ್ಲ.

ಇದಕ್ಕಿಂತ ಹೆಚ್ಚು ನಾನು ಕಾಣುವುದು ಹಿಂದಿನ ಎತ್ತರದ ತಕರಾರು. ತರಕಾರಿ ಗಾಡಿಯವರು ಲೋಡ್ ತಾಳಲಿ ಅಂತ ಹಿಂದೆ ಒಂದೆರಡು ಪಾಟಾ ಹೆಚ್ಚಿಗೆ ಹಾಕಿಸುತ್ತಾರೆ. ಖಾಲಿ ಇದ್ದಾಗ ಹಿಂಭಾಗ 50 ಮಿಲಿಮೀಟರ್ ಏಳುತ್ತದೆ ಅಂದುಕೊಳ್ಳಿ. ಮುಂದಿನ ಹಿಂದಿನ ಚಕ್ರದ ನಡುವೆ 3 ಮೀಟರ್ ಅಂತರವಿರುವ ಗಾಡಿಯಲ್ಲಿ ಅಷ್ಟಕ್ಕೆ ಇಡೀ ಚಾಸಿ ಮೂಗಿನ ಮೇಲೆ ಸುಮಾರು 1 ಡಿಗ್ರಿ ಬಾಗುತ್ತದೆ. ಕ್ಯಾಸ್ಟರ್ ಅಷ್ಟೇ ಕಡಿಮೆಯಾಗುತ್ತದೆ. ಇರುವುದೇ ಎರಡು ಮೂರು ಡಿಗ್ರಿಯಾದರೆ ಅದರಲ್ಲಿ ಮೂರನೇ ಒಂದು ಪಾಲು, ಅರ್ಧ ಪಾಲು ಹೋಯಿತು. ಇಂಥ ಗಾಡಿ ಬೆಳಗಾವಿಗೆ ಖಾಲಿ ಹೋಗುವಾಗ ದೋಣಿಯ ಹಾಗೆ ತೇಲುತ್ತದೆ, ಕೋಸು ಟೊಮೆಟೊ ಹೇರಿಕೊಂಡು ಬರುವಾಗ ಹಳಿ ಮೇಲಿನ ರೈಲಿನ ಹಾಗೆ ಬರುತ್ತದೆ. ಡ್ರೈವರಿಗೆ ನನ್ನ ಮೊದಲ ಪ್ರಶ್ನೆಯೇ ಇದು: ಖಾಲಿ ಇದ್ದಾಗಲೋ, ಲೋಡ್ ಇದ್ದಾಗಲೋ? ಖಾಲಿ ಇದ್ದಾಗ ಮಾತ್ರ ಅಂದರೆ ಬಗ್ಗಿ ಪಾಟಾ ಎಣಿಸುತ್ತೇನೆ.

ಲೋಡ್ ಇದ್ದಾಗ ತೇಲುವ ಗಾಡಿಯೂ ಇದೆ. ಅದು ಭಾರ ಹಿಂದಿನ ಆಕ್ಸಲಿನ ಆಚೆ ಬಿದ್ದು ಮುಂಭಾಗ ಹಗುರಾದದ್ದು. ಹೇರುವ ರೀತಿ ಬದಲಿಸಬೇಕು, ಗ್ಯಾರೇಜಿನ ಕೆಲಸವಲ್ಲ.

ಸಡಿಲ ಹುಡುಕುವುದು

ಇಲ್ಲಿಗೆ ಇಬ್ಬರು ಬೇಕು. ಗಾಡಿ ತನ್ನ ಭಾರದ ಮೇಲೇ ನಿಂತಿರಲಿ. ಒಬ್ಬರು ಸ್ಟೇರಿಂಗನ್ನು ಅತ್ತ ಇತ್ತ ಸಣ್ಣಗೆ ಅಲುಗಿಸುತ್ತಿರಲಿ, ಇನ್ನೊಬ್ಬರು ಕೆಳಗೆ ಮಲಗಿ ಟೈ ರಾಡ್ ಎಂಡ್, ಐಡ್ಲರ್ ಆರ್ಮ್, ಸ್ಟೇರಿಂಗ್ ಬಾಕ್ಸಿನ ಬೋಲ್ಟ್ ಒಂದೊಂದರ ಮೇಲೂ ಬೆರಳಿಟ್ಟು ನೋಡಲಿ. ಕಣ್ಣಿಗಿಂತ ಬೆರಳು ಚುರುಕು. ಒಂದು ಭಾಗ ಚಲಿಸಿ, ಅದಕ್ಕೆ ಜೋಡಿಸಿದ ಭಾಗ ತಡವಾಗಿ ಚಲಿಸಿದರೆ ಆ ಸಂದಿನಲ್ಲಿ ಸಡಿಲವಿದೆ.

ಆಮೇಲೆ ಚಕ್ರ ಎತ್ತಿ. ಜಾಕ್ ಎಲ್ಲಿ ಕೊಡುತ್ತೀರಿ ಅನ್ನುವುದರಲ್ಲೇ ಅರ್ಧ ಪರೀಕ್ಷೆ ಇದೆ. ಸ್ಪ್ರಿಂಗ್ ಅಥವಾ ಟಾರ್ಷನ್ ಬಾರ್ ಕೆಳ ಆರ್ಮಿಗೆ ಕೂಡಿದ್ದರೆ ಜಾಕನ್ನು ಕೆಳ ಆರ್ಮಿನಡಿ, ಚಕ್ರದ ಹತ್ತಿರಕ್ಕೆ ಕೊಡಿ. ಚಾಸಿಗೆ ಕೊಟ್ಟರೆ ಸ್ಪ್ರಿಂಗಿನ ಬಲವೇ ಆರ್ಮಿನ ತುದಿಯ ಬಾಲ್ ಜಾಯಿಂಟನ್ನು ಬಿಗಿ ಹಿಡಿದಿರುತ್ತದೆ, ಸತ್ತ ಜಾಯಿಂಟೂ ಗಟ್ಟಿ ಅನ್ನಿಸುತ್ತದೆ. ಚಕ್ರವನ್ನು ಗಡಿಯಾರದ 12 ಮತ್ತು 6ರ ಜಾಗದಲ್ಲಿ ಹಿಡಿದು ಅಲ್ಲಾಡಿಸಿ, ಹಾರೆಯಿಂದ ಟಾಯರಿನಡಿ ಮೀಟಿ. ಅಲುಗಿದರೆ ಇನ್ನೊಬ್ಬರು ಬ್ರೇಕ್ ಒತ್ತಿ ಹಿಡಿಯಲಿ. ಆಗ ಅಲುಗಾಟ ನಿಂತರೆ ಬೇರಿಂಗ್, ನಿಲ್ಲದಿದ್ದರೆ ಬಾಲ್ ಜಾಯಿಂಟ್. 3 ಮತ್ತು 9ರಲ್ಲಿ ಮಾತ್ರ ಅಲುಗಿದರೆ ಟೈ ರಾಡ್ ಕಡೆ ಹೋಗಿ.

ಬುಷ್ ಬದಲಿಸುವಾಗ ಅನುಭವಿಗಳೂ ಮಾಡುವ ತಪ್ಪೊಂದಿದೆ. ಆರ್ಮ್ ಜೋತು ಬಿದ್ದಿರುವಾಗಲೇ ಬೋಲ್ಟ್ ಪೂರ್ತಿ ಬಿಗಿಯುತ್ತಾರೆ. ಗಾಡಿ ಕೆಳಗಿಳಿಸಿದ ಕೂಡಲೇ ರಬ್ಬರ್ ತಿರುಚಿಕೊಂಡು ಕೂರುತ್ತದೆ, ಎತ್ತರ ತಪ್ಪುತ್ತದೆ, ಬೇಗ ಹರಿಯುತ್ತದೆ. ಬೋಲ್ಟ್ ಕೈಬಿಗಿ ಮಾಡಿ, ಗಾಡಿ ಇಳಿಸಿ, ನಾಲ್ಕು ಸಲ ಒತ್ತಿ ಕೂರಿಸಿ, ಆಮೇಲೆ ಬಿಗಿಯಿರಿ.

ತುಕ್ಕು ಹಿಡಿದ ಕ್ಯಾಮ್ ಬೋಲ್ಟ್

ಗೋವಾದ ಗಾಡಿಗಳಿಗೆ ಇದು ಮನೆದೇವರ ಶಾಪ. ಕಡಲ ಗಾಳಿಯ ಉಪ್ಪು, ನಾಲ್ಕು ತಿಂಗಳ ಮಳೆ, ಕೆಂಪು ಮಣ್ಣಿನ ಕೆಸರು. ಬಹಳಷ್ಟು ಪಿಕಪ್‌ಗಳಲ್ಲಿ ಕ್ಯಾಂಬರ್, ಕ್ಯಾಸ್ಟರ್ ಬದಲಿಸುವುದು ಆರ್ಮಿನ ಬುಡದಲ್ಲಿರುವ, ತಿರುಗಿಸಿದರೆ ಆರ್ಮನ್ನು ಅತ್ತಿತ್ತ ಜರುಗಿಸುವ ಕ್ಯಾಮ್ ಬೋಲ್ಟ್ ತಿರುಗಿಸಿ. ಕೆಲವದರಲ್ಲಿ ಮೇಲಿನ ಆರ್ಮಿನ ಹಿಂದೆ ತೆಳು ತಗಡಿನ ಶಿಮ್ ಇರುತ್ತವೆ. ಶಿಮ್ ಇರುವವರು ಪುಣ್ಯವಂತರು. ಕ್ಯಾಮ್ ಬೋಲ್ಟು ಬುಷಿನ ಒಳಗಿನ ಕಬ್ಬಿಣದ ಕೊಳವೆಗೆ ತುಕ್ಕು ಹಿಡಿದು ಒಂದಾಗಿಬಿಡುತ್ತದೆ. ನಟ್ ಸಡಿಲಿಸಿ ಬೋಲ್ಟ್ ತಿರುಗಿಸಿದರೆ ಕ್ಯಾಮ್ ಜರುಗುವುದಿಲ್ಲ, ರಬ್ಬರ್ ತಿರುಚುತ್ತದೆ, ಕೈ ಬಿಟ್ಟರೆ ವಾಪಸ್ ಬರುತ್ತದೆ.

ಮಷೀನಿನ ಮುಂದೆ ನಿಂತ ಹುಡುಗ ಆಗ ಏನು ಮಾಡುತ್ತಾನೆ? ಹಿಂದೆ ನಾಲ್ಕು ಗಾಡಿ ಕಾಯುತ್ತಿರುತ್ತವೆ. ಟೋ ಮಾತ್ರ ತಿರುಗಿಸಿ ಪ್ರಿಂಟ್ ಕೊಡುತ್ತಾನೆ. ಕ್ಯಾಂಬರ್ ಕೆಂಪು ಯಾಕೆ ಅಂತ ಕೇಳಿದರೆ “ಇದರಲ್ಲಿ ಸೆಟ್ಟಿಂಗ್ ಇಲ್ಲ” ಅನ್ನುತ್ತಾನೆ. ಇದೆ, ತುಕ್ಕಿನಡಿ ಇದೆ.

ಮಷೀನಿಗೆ ಹೋಗುವ ಹಿಂದಿನ ದಿನವೇ ಬೋಲ್ಟಿನ ಎರಡೂ ತುದಿಗೆ ತುಕ್ಕು ಬಿಡಿಸುವ ಎಣ್ಣೆ ಬಿಡಿ, ರಾತ್ರಿ ಇನ್ನೊಮ್ಮೆ ಬಿಡಿ. ಬೆಳಗ್ಗೆ ನಟ್ ಸಡಿಲಿಸಿ, ಕ್ಯಾಮಿನ ಮೇಲೆ ಉಳಿಯಿಂದ ಗುರುತು ಹಾಕಿ, ತುಸು ತಿರುಗಿಸಿ ಬಿಡಿ. ಗುರುತು ಬಿಟ್ಟಲ್ಲೇ ನಿಂತರೆ ಬೋಲ್ಟ್ ಜೀವಂತ. ಗುರುತಿಗೆ ವಾಪಸ್ ತಂದು ಬಿಗಿದು ಮಷೀನಿಗೆ ಕಳಿಸಿ. ಹಿಂದಕ್ಕೆ ಬಂದರೆ ಸತ್ತಿದೆ. ಗ್ಯಾಸಿನ ಬೆಂಕಿ ಹಿಡಿದರೆ ರಬ್ಬರ್ ಹೊತ್ತಿಕೊಳ್ಳುತ್ತದೆ, ಬುಷ್ ಹೇಗೂ ಬದಲಿಸುವವರು ಮಾತ್ರ ಆ ಕೆಲಸಕ್ಕೆ ಕೈ ಹಾಕಿ. ನಾನು ಬುಷಿಗೂ ಬ್ರಾಕೆಟಿಗೂ ನಡುವೆ ಬ್ಲೇಡ್ ಇಳಿಸಿ ಬೋಲ್ಟನ್ನೇ ಕತ್ತರಿಸುತ್ತೇನೆ. ಹೊಸ ಬೋಲ್ಟ್, ಹೊಸ ಬುಷ್, ಬೋಲ್ಟಿನ ಮೈಗೆ ತಾಮ್ರದ ಗ್ರೀಸ್. ಒಂದು ಬದಿಗೆ ಅರ್ಧ ದಿನ ಹಿಡಿಯುತ್ತದೆ, ಬಯ್ಗುಳವೂ ಅಷ್ಟೇ ಹಿಡಿಯುತ್ತದೆ.

ಹಿಂದಿನ ಹೌಸಿಂಗ್

ಈಗ ಖಾನಾಪುರದವರ ಗಾಡಿಗೆ ಬರೋಣ. ಮುಂದೆ ಸಡಿಲವಿಲ್ಲ, ಎತ್ತರ ಸರಿ, ಬ್ರೇಕ್ ಸರಿ, ಟಾಯರ್ ಒಂದೇ ಸಮ. ಅವರ ಮೂರೂ ಕಾಗದವನ್ನು ಬಾನೆಟ್ ಮೇಲೆ ಹರಡಿ ಮತ್ತೊಮ್ಮೆ ನೋಡಿದೆ. ಮೇಲೆ ಮುಂಚಕ್ರದ ಅಂಕಿಗಳು ಹಸಿರು. ಕೆಳಗೆ ಹಿಂಚಕ್ರದ ಚೌಕಗಳಲ್ಲಿ ಮೂರರಲ್ಲೂ ಬರೀ ಅಡ್ಡಗೆರೆ. ಹಿಂದಿನ ಚಕ್ರಕ್ಕೆ ಯಾರೂ ಸೆನ್ಸರ್ ಕಟ್ಟಿಯೇ ಇರಲಿಲ್ಲ. ಪಾಟಾ ಗಾಡಿಗೆ ಹಿಂದೆ ಸೆಟ್ಟಿಂಗ್ ಇಲ್ಲವಲ್ಲ, ಮತ್ತೆ ಯಾಕೆ ಅಂತ.

ಸ್ಟೇರಿಂಗಿನ ಕಡ್ಡಿಯನ್ನು ಲೆಕ್ಕಿಸದೆ ಮುಂಚಕ್ರಗಳನ್ನು ನೂಲು ಹಿಡಿದು ನೇರ ಮಾಡಿ, ಮುಂದಿನ ಹಬ್ಬಿನ ನಡುವಿನಿಂದ ಹಿಂದಿನ ಹಬ್ಬಿನ ನಡುವಿಗೆ ಟೇಪ್ ಹಿಡಿದೆವು. ಎಡಕ್ಕೆ 2,952 ಮಿಲಿಮೀಟರ್. ಬಲಕ್ಕೆ 2,964. ತಪ್ಪಿರಬಹುದು ಅಂತ ಮತ್ತೊಮ್ಮೆ ಹಿಡಿದೆವು, ಅಷ್ಟೇ. ಮುಂದಿನ ಆರ್ಮ್ ಹಿಂದೆ ಮುಂದೆ ಆಗಿದ್ದರೂ ಇದೇ ಅಂತರ ಬರಬಹುದು, ಅದಕ್ಕೆ ಚಾಸಿಯ ಮೇಲಿನ ಪಾಟಾ ಬ್ರಾಕೆಟಿನ ತೂತಿನಿಂದ ಹಿಂದಿನ ಹಬ್ಬಿಗೆ ಬೇರೆಯಾಗಿ ಅಳೆದೆವು. ಬಲ ಹಿಂಚಕ್ರವೇ 12 ಮಿಲಿಮೀಟರ್ ಹಿಂದೆ ಸರಿದಿತ್ತು.

ಎರಡು ಹಿಂಚಕ್ರಗಳ ನಡುವೆ 1.4 ಮೀಟರ್ ಅಂತರದಲ್ಲಿ 12 ಮಿಲಿಮೀಟರ್ ಅಂದರೆ ಅರ್ಧ ಡಿಗ್ರಿ. ಹಿಂದಿನ ಆಕ್ಸಲು ಗಾಡಿಯನ್ನು ನೇರ ತಳ್ಳುವ ಬದಲು ಅರ್ಧ ಡಿಗ್ರಿ ಬಲಕ್ಕೆ ತಳ್ಳುತ್ತದೆ. ಹಿಂಭಾಗ ಬಲಕ್ಕೆ ಹೋದರೆ ಮೂಗು ಎಡಕ್ಕೆ. ಅದನ್ನು ತಡೆಯಲು ಮುಂಚಕ್ರ ಅರ್ಧ ಡಿಗ್ರಿ ಬಲಕ್ಕೆ ಹಿಡಿಯಬೇಕು. ಚಕ್ರದ 1 ಡಿಗ್ರಿಗೆ ಸ್ಟೇರಿಂಗ್ 18 ಡಿಗ್ರಿ ತಿರುಗುವ ಗಾಡಿ ಅಂದುಕೊಂಡರೆ ಕಡ್ಡಿ 9 ಡಿಗ್ರಿ ಓರೆ. ಗಡಿಯಾರದಲ್ಲಿ ಒಂದೂವರೆ ನಿಮಿಷದಷ್ಟು. ಕಣ್ಣಿಗೆ ಹೊಡೆದು ಕಾಣುವಷ್ಟು.

ಕೆಳಗೆ ಹೋದಾಗ ಪಾಟಾ ಮತ್ತು ಹೌಸಿಂಗಿನ (ಹಿಂದಿನ ಆಕ್ಸಲಿನ ಕವಚ) ನಡುವೆ, ಸುತ್ತಲೆಲ್ಲ ತುಕ್ಕು ಮಣ್ಣು ಇದ್ದಲ್ಲಿ, ಬೆರಳಗಲದ ಜಾಗ ಮಾತ್ರ ಬೆಳ್ಳಿಯ ಹಾಗೆ ಹೊಳೆಯುತ್ತಿತ್ತು. ಲೋಹ ಲೋಹಕ್ಕೆ ಉಜ್ಜಿ ಹೊಳಪಾದದ್ದು. ಪಾಟಾವನ್ನು ಹೌಸಿಂಗಿಗೆ ಕಟ್ಟಿ ಹಿಡಿಯುವ ಯು ಬೋಲ್ಟಿನ ನಟ್ಟುಗಳು ಸಡಿಲ. ಬಿಚ್ಚಿದಾಗ ಸೆಂಟರ್ ಬೋಲ್ಟಿನ ತಲೆ ಕತ್ತರಿಸಿ ಹೌಸಿಂಗಿನ ಗುಳಿಯಲ್ಲೇ ಉಳಿದಿತ್ತು, ಉಳಿದ ಬೋಲ್ಟ್ ಪಾಟಾ ಕಟ್ಟಿನಲ್ಲಿ. ಇವುಗಳ ಸಂಬಂಧ ಹೀಗೆ: ಭಾರ ಹಿಡಿಯುವುದು ಯು ಬೋಲ್ಟಿನ ಬಿಗಿ, ಸೆಂಟರ್ ಬೋಲ್ಟ್ ಬರೀ ಜಾಗ ತೋರಿಸುವುದು. ಬಿಗಿ ಹೋದರೆ ಇಡೀ ಲೋಡು ಆ ಸಣ್ಣ ಬೋಲ್ಟಿನ ಕುತ್ತಿಗೆಗೆ ಬರುತ್ತದೆ.

“ಘಾಟಿನ್ಯಾಗ ಆಕ್ಸಿಲೇಟರ್ ಬಿಟ್ರ ಹಿಂದ ಯಾರೋ ದೂಡಿದಂಗ ಆಕ್ಕಿತ್ತರಿ,” ಅಂತ ಆಗ ನೆನಪು ಮಾಡಿಕೊಂಡರು. ಒತ್ತಿದಾಗ ಒಂದು ಕಡೆ, ಬಿಟ್ಟಾಗ ಇನ್ನೊಂದು ಕಡೆ ಗಾಡಿ ಹೆಜ್ಜೆ ಹಾಕಿದರೆ ಮೊದಲು ಹಿಂದಿನ ಯು ಬೋಲ್ಟ್ ನೋಡಬೇಕು. ಮುಂದಿನದ್ದಲ್ಲ.

ಹೊಸ ಸೆಂಟರ್ ಬೋಲ್ಟ್, ಹೊಸ ಯು ಬೋಲ್ಟ್ ಹಾಕಿದೆವು. ಹಿಗ್ಗಿದ ಹಳೇ ಯು ಬೋಲ್ಟನ್ನೇ ಮತ್ತೆ ಬಿಗಿದು ಕಳಿಸುವವರಿದ್ದಾರೆ, ಅದು ಮತ್ತೆ ಹಿಗ್ಗುತ್ತದೆ.

ಟೋ ನೀವೇ ಅಳೆಯಬಹುದು

ಮಷೀನ್ ದೂರವಿದ್ದರೆ, ಅಥವಾ ಟೈ ರಾಡ್ ಎಂಡ್ ಬದಲಿಸಿ ಮಷೀನಿನ ತನಕ ಟಾಯರ್ ಉಳಿಸಿಕೊಂಡು ಹೋಗಬೇಕಾದರೆ, ಟೇಪು ಸಾಕು. ಚಕ್ರ ಎತ್ತಿ ತಿರುಗಿಸುತ್ತಾ ಟಾಯರಿನ ನಡುವೆ ಸೀಮೆಸುಣ್ಣ ಹಚ್ಚಿ, ಅದರ ಮೇಲೆ ಮೊಳೆಯನ್ನು ಅಲುಗದಂತೆ ಹಿಡಿದು ಸಣ್ಣ ಗೆರೆ ಕೊರೆಯಿರಿ. ಎರಡೂ ಚಕ್ರಕ್ಕೆ. ಗಾಡಿ ಇಳಿಸಿ ಮೂರ್ನಾಲ್ಕು ಮೀಟರ್ ಮುಂದಕ್ಕೆ ದೂಡಿ, ಟಾಯರ್ ತನ್ನ ಜಾಗಕ್ಕೆ ಕೂರಲಿ. ಆಮೇಲೆ ಹಿಂದಕ್ಕೆ ದೂಡಬೇಡಿ, ಸಡಿಲವೆಲ್ಲ ಉಲ್ಟಾ ಬದಿಗೆ ಹೋಗುತ್ತದೆ. ಈಗ ಟಾಯರಿನ ಹಿಂಬದಿಯಲ್ಲಿ ಹಬ್ಬಿನ ಎತ್ತರಕ್ಕೆ ಗೆರೆಯ ಮೇಲೆ ಚುಕ್ಕಿಯಿಟ್ಟು ಎಡ ಚುಕ್ಕಿಯಿಂದ ಬಲ ಚುಕ್ಕಿಗೆ ಅಳೆಯಿರಿ. ಅದೇ ಚುಕ್ಕಿ ಮುಂಬದಿಗೆ, ಅದೇ ಎತ್ತರಕ್ಕೆ ಬರುವಷ್ಟು ಗಾಡಿ ಮುಂದೆ ದೂಡಿ ಮತ್ತೆ ಅಳೆಯಿರಿ. ಅದೇ ಚುಕ್ಕಿಗಳನ್ನು ಎರಡು ಸಲ ಅಳೆದದ್ದರಿಂದ ರಿಮ್ ಸೊಟ್ಟ ಇದ್ದರೂ ಲೆಕ್ಕ ಕೆಡುವುದಿಲ್ಲ. ಹಿಂದಿನ ಅಳತೆಯಿಂದ ಮುಂದಿನದ್ದು ಕಳೆದರೆ ಉಳಿದದ್ದು ಟೋ-ಇನ್. ಎಷ್ಟಿರಬೇಕು ಅನ್ನುವುದಕ್ಕೆ ನಿಮ್ಮ ಗಾಡಿಯ ಸರ್ವಿಸ್ ಪುಸ್ತಕದ ಅಂಕಿಯೇ ಅಂತಿಮ.

ತಿರುಗಿಸುವಾಗ ದುಡುಕಬೇಡಿ. ಥ್ರೆಡ್ಡಿನ ಅಂತರ 1.5 ಮಿಲಿಮೀಟರ್, ಸ್ಟೇರಿಂಗ್ ಆರ್ಮ್ 150 ಮಿಲಿಮೀಟರ್ ಇದ್ದರೆ ಟೈ ರಾಡಿನ ಒಂದು ಪೂರ್ತಿ ಸುತ್ತಿಗೆ ಟಾಯರಿನಲ್ಲಿ 7 ಮಿಲಿಮೀಟರ್ ಬದಲಾಗುತ್ತದೆ. ಕಾಲು ಸುತ್ತೇ ಹೆಚ್ಚು ಕಡಿಮೆ 2 ಮಿಲಿಮೀಟರ್. ಎರಡೂ ಬದಿ ಸಮನಾಗಿ ತಿರುಗಿಸಿ. ಇಲ್ಲದಿದ್ದರೆ ಸ್ಟೇರಿಂಗ್ ಓರೆಯಾಗುತ್ತದೆ, ಅದನ್ನು ಸರಿ ಮಾಡಲು ಯಾರೋ ಸ್ಟೇರಿಂಗನ್ನೇ ಬಿಚ್ಚಿ ಒಂದು ಹಲ್ಲು ತಿರುಗಿಸಿ ಕೂರಿಸುತ್ತಾರೆ, ಒಳಗೆ ಬಾಕ್ಸಿನ ನಡು ತಪ್ಪಿಯೇ ಇರುತ್ತದೆ.

ಮಷೀನ್ ಮುಂದೆ

ಎದುರಿಗೇ ನಿಂತು ನೋಡಿ. ನಾಲ್ಕೂ ಚಕ್ರಕ್ಕೆ ಸೆನ್ಸರ್ ಕಟ್ಟಲು ಹೇಳಿ. ಕ್ಲ್ಯಾಂಪ್ ಹಾಕಿದ ಮೇಲೆ ಚಕ್ರ ಉರುಳಿಸಿ ರಿಮ್ಮಿನ ಸೊಟ್ಟ ಕಳೆಯುತ್ತಾರೋ ನೋಡಿ. ಕ್ಯಾಸ್ಟರ್ ಅಳೆಯಬೇಕಾದರೆ ಚಕ್ರವನ್ನು ತಿರುಗುವ ತಟ್ಟೆಯ ಮೇಲಿಟ್ಟು ಎಡಕ್ಕೂ ಬಲಕ್ಕೂ ತಿರುಗಿಸಲೇಬೇಕು. ತಿರುಗಿಸದೆ ಕ್ಯಾಸ್ಟರ್ ಅಂಕಿ ಬಂದಿದ್ದರೆ ಅದು ನಿಮಗಿಂತ ಮೊದಲು ಬಂದ ಗಾಡಿಯದ್ದು. ಮೊದಲು ಕ್ಯಾಸ್ಟರ್, ಆಮೇಲೆ ಕ್ಯಾಂಬರ್, ಕೊನೆಗೆ ಟೋ. ಮೊದಲಿನೆರಡು ಮುಟ್ಟಿದರೆ ಟೋ ತಪ್ಪುತ್ತದೆ, ಅದಕ್ಕೇ ಈ ಸಾಲು. ಅಂಕಿ ಹಸಿರಿದ್ದರೂ ಎಡ-ಬಲದ ಅಂತರ ನೋಡಿ. ಕ್ಯಾಂಬರ್ ಹೆಚ್ಚು ಪಾಸಿಟಿವ್ ಇರುವ ಕಡೆ, ಕ್ಯಾಸ್ಟರ್ ಕಡಿಮೆ ಇರುವ ಕಡೆ ಗಾಡಿ ಎಳೆಯುತ್ತದೆ. ಅಂತರ ಅರ್ಧ ಡಿಗ್ರಿ ದಾಟಬಾರದು.

ಟಾಟಾ ಏಸ್ ತರಹ ಮುಂದೆಯೂ ಪಾಟಾ, ಗಟ್ಟಿ ಆಕ್ಸಲ್ ಇರುವ ಗಾಡಿಯಲ್ಲಿ ದಿನನಿತ್ಯ ತಿರುಗಿಸುವುದು ಟೋ ಒಂದೇ. ಕ್ಯಾಂಬರ್ ತಪ್ಪಿದ್ದರೆ ಕಿಂಗ್ ಪಿನ್ (ಚಕ್ರ ತಿರುಗುವ ಅಚ್ಚಿನ ಗೂಟ), ಬೇರಿಂಗ್ ಸವೆದಿದೆ ಇಲ್ಲವೇ ಆಕ್ಸಲ್ ಬಾಗಿದೆ. ಕ್ಯಾಸ್ಟರ್ ತಪ್ಪಿದ್ದರೆ ಪಾಟಾ ಕುಸಿದಿದೆ. ಹಿಂದೆ ಹೇಳಿದ ಸೆಂಟರ್ ಬೋಲ್ಟಿನ ಕಥೆ ಇಲ್ಲಿ ಮುಂದೆಯೂ ನಡೆಯಬಹುದು, ಆದ್ದರಿಂದ ಟೇಪನ್ನು ಎರಡೂ ಕಡೆ ಹಿಡಿಯಿರಿ.

ಖಾನಾಪುರದವರ ಗಾಡಿಗೆ ನಾಲ್ಕನೇ ಸಲ ಪ್ರಿಂಟ್ ಬಂದಾಗ ಹಿಂದಿನ ಚೌಕಗಳಲ್ಲೂ ಅಂಕಿ ಇತ್ತು, ಮುಂದೆ ಟೋ ತಿರುಗಿಸುವ ಅಗತ್ಯವೇ ಬೀಳಲಿಲ್ಲ. ಹೊಸ ಯು ಬೋಲ್ಟ್ ಒಂದು ಲೋಡ್ ಟ್ರಿಪ್ ಆದ ಮೇಲೆ ತುಸು ಸಡಿಲುತ್ತದೆ, ಬಂದು ಮತ್ತೆ ಬಿಗಿಸಿಕೊಂಡು ಹೋದರು. ಆಗ ನಟ್ಟಿನಿಂದ ಪ್ಲೇಟಿನ ತನಕ ಹಳದಿ ಬಣ್ಣದ ಒಂದೊಂದು ಗೆರೆ ಎಳೆದು ಕಳಿಸಿದೆ. ಕೇರಿಯಲ್ಲಿ ಚಹಾ ಬರುವಷ್ಟರಲ್ಲಿ ಬಗ್ಗಿ ನೋಡಿದರೆ ಆಯಿತು. ನಟ್ ತಿರುಗಿದ್ದರೆ ಗೆರೆ ಮುರಿದಿರುತ್ತದೆ.